ಕೆರೆಯ ದೋಣಿಗೆ ಜೀಪಿನ ಕೈ

ದೋಣಿ ಅಂದ ಮೇಲೆ ಸ್ಟೀರಿಂಗ್ ಚಕ್ರ ಇರಲೇಬೇಕು! ಬಣಕಲ್ ಸೀಮೆಯ ಕಾಫಿ ಬೆಳೆಗಾರ ರಂಗನಾಥ ಗೌಡರು ಹೀಗೆಂದು ಘೋಷಿಸಿದಾಗ ರಾಜಾಜ್ಞೆ ಹೊರಟಂತಿತ್ತು. ಎಸ್ಟೇಟಿನ ಕೆರೆಗೆ ಅವರು ತಂದ ಪುಟ್ಟ ಫೈಬರ್ ದೋಣಿಯ ಹಿಂಬದಿಗೆ ಒಂದು ಎಂಜಿನ್ ಸಿಕ್ಕಿಸಿತ್ತು. ಅದನ್ನು ತಿರುಗಿಸಲು ಎಂಜಿನ್ನಿಗೇ ಹಿಡಿಕೆಯೂ ಇತ್ತು. ಗೌಡರಿಗೆ ಆ ಹಿಡಿಕೆ ಕಂಡರಾಗದು.

“ಹಿಡಿಕೆ ಎಡಕ್ಕೆ ತಳ್ಳಿದ್ರೆ ದೋಣಿ ಬಲಕ್ಕೆ ಹೋಗುತ್ತಂತೆ! ಇದ್ಯಾವ ನ್ಯಾಯ ಮಾರಾಯ್ತಿ? ಚಾರ್ಮಾಡಿ ಘಾಟೀಲಿ ಜೀಪು ಇಳಿಸಿದ ಕೈ ಇದು!”

“ಇಷ್ಟು ಚಿಕ್ಕ ದೋಣಿಗೆ ಹಿಡಿಕೆ ಸಾಲ್ದೇನ್ರೀ?” ಎಂದರು ಹೆಂಡತಿ ವಿಮಲಮ್ಮ.

“ದೋಣಿಗೆ ಸಾಲುತ್ತೆ. ನಂಗೆ ಸಾಲಲ್ಲ!”

ಆಮೇಲೆ ಸ್ಟೀರಿಂಗಿಗೆ ಸ್ವಯಂವರ ನಡೆಯಿತು. ಹಗ್ಗ ಮತ್ತು ರಾಟೆಯದು ಅಗ್ಗ, ಆದರೆ ಹಗ್ಗ ಬೇಗ ಜೋಲುತ್ತದೆ. ಬಟ್ಟೆ ಒಣಹಾಕಲು ಲಾಯಕ್ಕು ಎಂದು ಗೌಡರು ಅದನ್ನು ತಳ್ಳಿಹಾಕಿದರು. ಎಣ್ಣೆಯ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ ಬೆಣ್ಣೆಯ ಹಾಗೆ ತಿರುಗುವುದೇನೋ ನಿಜ, ಆದರೆ ಅದು ದೊಡ್ಡ ಎಂಜಿನ್ನುಗಳ ಗತ್ತು. ಕೊನೆಗೆ ಕೇಬಲ್ ಸ್ಟೀರಿಂಗಿಗೆ ಮಾಲೆ ಬಿತ್ತು. ಚಕ್ರ ತಿರುಗಿಸಿದರೆ ಕೇಬಲ್ಲಿನ ತುದಿಯ ಸರಳು ಹಿಂದಿನ ಎಂಜಿನ್ನನ್ನೇ ಆಚೀಚೆ ತಿರುಗಿಸುತ್ತದೆ. ವೇಗಕ್ಕೆ ಚಕ್ರದ ಪಕ್ಕದಲ್ಲೊಂದು ಲಿವರ್.

ಆ ಸರಳಿಗೆ ನಡೆದ ಉಪಚಾರವನ್ನು ಮೆಚ್ಚಲೇಬೇಕು! ಹಳೇ ಗ್ರೀಸನ್ನು ಒರೆಸಿ, ಸರಳನ್ನು ಪೂರ್ತಿ ಒಳಗೆಳೆದು, ಆಮೇಲಷ್ಟೇ ಹೊಸ ಗ್ರೀಸ್. ಸರಳು ಹೊರಗಿದ್ದಾಗ ತುಂಬಿದರೆ ಬಿಗಿದುಕೊಳ್ಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಬೋಲ್ಟುಗಳನ್ನು ದಿನಾ ಮುಟ್ಟಿ ಮಾತಾಡಿಸುತ್ತಿದ್ದರು. ಹೆಂಡತಿಯ ಮಂಡಿಗೆ ಎಣ್ಣೆ ಹಚ್ಚಲು ಪುರುಸೊತ್ತಿಲ್ಲದ ಮನುಷ್ಯ!

“ಮುಂದಿನ ಜನ್ಮದಲ್ಲಿ ಕೇಬಲ್ಲಾಗಿ ಹುಟ್ತೀನಿ,” ಎಂದರು ವಿಮಲಮ್ಮ.

ಮೊದಲ ಸವಾರಿಯ ದಿನ ಬಂತು. ಕಾಫಿ ಹೂವರಳಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ. ರೋಬಸ್ಟಾ ಕಾಫಿಯ ಮೊಗ್ಗು ನೀರಿಗೆ ಕಾಯುತ್ತಿದ್ದುದರಿಂದ ಕೆರೆಯ ನೀರು ಪಂಪಿನಲ್ಲಿ ಸ್ಪ್ರಿಂಕ್ಲರಿಗೆ ಹೋಗುತ್ತಿತ್ತು. ನೀರೆಳೆಯುವ ದಪ್ಪ ಪೈಪು ಡ್ರಮ್ಮುಗಳ ಮೇಲೆ ತೇಲುತ್ತಾ ಕೆರೆಯ ನಡುವಿನವರೆಗೂ ಚಾಚಿತ್ತು.

“ಆ ಪೈಪಿನ ತಂಟೆಗೆ ಹೋಗ್ಬೇಡಿ,” ಎಂದು ದೋಣಿ ಹತ್ತುತ್ತಲೇ ವಿಮಲಮ್ಮ ಎಚ್ಚರಿಸಿದರು. “ಈಗ ನೀರು ಅರ್ಧಕ್ಕೆ ನಿಂತ್ರೆ ಈ ವರ್ಷದ ಹೂವಿಗೆ ಕೈ ಮುಗಿಯೋದೇ!”

“ನಾನಿದೀನಲ್ಲ!”

ಅದೇ ತೊಂದರೆಯಾಯಿತು. ಗೌಡರ ಹಳೇ ಜೀಪಿನ ಸ್ಟೀರಿಂಗಿನಲ್ಲಿ ವಿಪರೀತ ಪ್ಲೇ, ಅಂದರೆ ಸಡಿಲ. ನೇರ ರಸ್ತೆಯಲ್ಲೂ ಅದನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಲೇ ಇದ್ದರೆ ಮಾತ್ರ ಜೀಪು ನೆಟ್ಟಗೆ ಹೋಗುತ್ತದೆ. ಕೈಗೆ ಅದೇ ಅಭ್ಯಾಸ. ಈ ಕೇಬಲ್ಲಾದರೋ ಕೂದಲೆಳೆಯಷ್ಟೂ ಸಡಿಲವಿಲ್ಲದ್ದು. ಗೌಡರು ಅಲ್ಲಾಡಿಸಿದ್ದಕ್ಕೆಲ್ಲ ‘ಅಪ್ಪಣೆ ಮಹಾಸ್ವಾಮಿ’ ಎಂದು ದೋಣಿ ಹಾವಿನಂತೆ ಹರಿದಾಡಿತು.

“ನೇರ ಹೋಗ್ರೀ!”

“ನೇರಾನೇ ಹೋಗ್ತಿದೀನಿ, ನೀರೇ ಡೊಂಕಿದೆ!”

ಅಷ್ಟರಲ್ಲಿ ದಡದಿಂದ ಪಂಪ್ ನೋಡಿಕೊಳ್ಳುವ ಗುರುವಯ್ಯ ಕೂಗಿದ, “ಗೌಡ್ರೇ, ಪೈಪು!”

ಪೈಪು ಎದುರಿಗೇ ಇತ್ತು. ಗೌಡರು ಘಾಟಿಯ ತಿರುವಿನಲ್ಲಿ ಮಾಡುವುದನ್ನೇ ಮಾಡಿದರು. ಲಿವರ್ ಹಿಂದಕ್ಕೆಳೆದು ವೇಗ ಪೂರ್ತಿ ಇಳಿಸಿ ಚಕ್ರವನ್ನು ಗರಗರ ತಿರುಗಿಸಿದರು. ಇಲ್ಲದ ಬ್ರೇಕನ್ನು ಬಲವಾಗಿ ತುಳಿದರು. ದೋಣಿ ಮಾತ್ರ ತಿರುಗಲಿಲ್ಲ! ನೆಟ್ಟಗೆ, ಆ ದಿನ ಮೊದಲ ಬಾರಿಗೆ ನಿಜಕ್ಕೂ ನೆಟ್ಟಗೆ, ಪೈಪಿನತ್ತ ಜಾರಿತು. ಇಡೀ ವರ್ಷದ ಫಸಲು ಗೌಡರ ಕಣ್ಣೆದುರೇ ಮುಳುಗತೊಡಗಿತು.

ವಿಮಲಮ್ಮ ಬಗ್ಗಿ ಲಿವರನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು.

“ಅಯ್ಯೋ, ಇನ್ನೂ ಜೋರಾಗುತ್ತೆ ಕಣೇ!” ಎಂದು ಗೌಡರು ಕಣ್ಣು ಮುಚ್ಚಿಕೊಂಡರು.

ಎಂಜಿನ್ ಗುರ್ರೆಂದು ನೀರನ್ನು ಒದೆಯಿತು. ದೋಣಿ ಗಿರಕ್ಕನೆ ತಿರುಗಿ, ಡ್ರಮ್ಮಿಗೆ ಒಂದಿಷ್ಟು ನೀರು ಎರಚಿ ಪಾರಾಯಿತು. ಗುಡ್ಡದ ಮೇಲೆ ಸ್ಪ್ರಿಂಕ್ಲರುಗಳು ಚಿಕ್ ಚಿಕ್ ಎನ್ನುತ್ತಲೇ ಇದ್ದವು. ಅಷ್ಟು ಇಂಪಾದ ಸದ್ದನ್ನು ಗೌಡರು ಎಂದೂ ಕೇಳಿರಲಿಲ್ಲ.

“ನಿಂಗೆ ಹೆಂಗೆ ಗೊತ್ತಾಯ್ತು?”

“ನೀರು ನುಗ್ಗದೇ ಸ್ಪ್ರಿಂಕ್ಲರ್ ತಿರುಗುತ್ತಾ? ಈ ಎಂಜಿನ್ನೂ ನೀರು ನೂಕಿದ್ರೆ ತಾನೇ ದೋಣಿ ತಿರುಗ್ಸೋದು! ನೀವು ಅದರ ಉಸಿರೇ ನಿಲ್ಸಿ ಚಕ್ರ ತಿರುವಿದ್ರಲ್ಲ!”

ಗೌಡರು ಹೆಂಡತಿಯನ್ನು ಬಾಯಿ ಬಿಟ್ಟು ನೋಡಿದರು. ನಿಜವಾಗಿಯೂ ಹೆಮ್ಮೆಯಾಯಿತು. ಆದರೂ ಮೀಸೆ ಮಣ್ಣಾಗಬಾರದಲ್ಲ!

“ಅದೇನೇ ಇರ್ಲಿ, ಸ್ಟೀರಿಂಗ್ ಹೆಂಗಿದೆ ಹೇಳು!”

“ಬಂಗಾರದಂಥ ಸ್ಟೀರಿಂಗು. ಎದ್ದೇಳಿ, ನಾನು ಕೂತ್ಕೊತೀನಿ.”

“ಮತ್ತೆ ನಾನೇನು ಮಾಡ್ಲಿ?”

“ಮುಂದೆ ಕೂತು ಹಾರ್ನ್ ಹೊಡೀರಿ.”

“ದೋಣಿಗೆ ಹಾರ್ನೇ ಇಲ್ವಲ್ಲೇ!”

ಚಕ್ರ ಹಿಡಿದು ವಿಮಲಮ್ಮ ನಕ್ಕರು. “ನೀವಿರೋವಾಗ ಬೇರೆ ಯಾಕ್ರೀ?”