ಕೆಂಪು ಬಣ್ಣದ ಮನೆಯ ವರ

ನಾನು ಎಲ್ಲಿ ಎದೆಯುಬ್ಬಿಸಿ ಮಾತಾಡುತ್ತೇನೋ ಅಲ್ಲೇ ನನ್ನ ಮಾನ ಹೋಗಬೇಕು. ನಮ್ಮೂರಾಗ ನನ್ನಷ್ಟು ಶಾಣ್ಯಾ ಇನ್ನೊಬ್ಬನಿಲ್ಲ, ಅದು ಖರೆ. ಹುಕ್ಕೇರಿ, ಗೋಕಾಕ, ಮೂಡಲಗಿಯವರು ಹಂಚಿಕೊಳ್ಳುವ ಹೊಳೆ ನೀರಿನ ಯೋಜನೆಗೆ ನನ್ನನ್ನೇ ಆರಿಸಿದ್ದಾರೆ. ಹವಾಮಾನ ಹೀಗೇ ಕೆಡುತ್ತ ಹೋದರೆ ಎಲ್ಲಿ ಪ್ರವಾಹ, ಎಲ್ಲಿ ಬರ ಎಂದು ಲೆಕ್ಕ ಹಾಕಿ ನಕಾಶೆಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಮನೆಯಲ್ಲಿ ನನಗೆ ಹೆಣ್ಣು ನೋಡಾಕತ್ತಾರೆ. ಹಾಗಾಗಿ ಮಾನ ಉಳಿಯುವುದು ಬಹಳ ಮುಖ್ಯ.

೧. ಗಾಡಿ

ಘೋಡಗೇರಿಯಲ್ಲಿ ಮೋಟಾರ್ ಸೈಕಲ್ಲನ್ನು ಹೊಳೆ ದಂಡೆಗೆ ನಿಲ್ಲಿಸಿ, ಊರ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ.

"ಮೂವತ್ತು ವರ್ಷದ ಮುಂದಿನ ಮಳಿ ಇದರಾಗ ಕಾಣತೈತ್ರಿ!"

ಮೇಲೆ ಘಟ್ಟದಲ್ಲಿ ಜೋರು ಮಳೆಯಾಗಿತ್ತಂತೆ. ನನ್ನ ಭಾಷಣ ಮುಗಿಯುವಷ್ಟರಲ್ಲಿ ಹೊಳೆ ಏರಿ, ಗಾಡಿ ಎಮ್ಮೆ ಕೋಡಿನಂತೆ ಹ್ಯಾಂಡಲ್ ಮಾತ್ರ ಮೇಲೆ ಮಾಡಿಕೊಂಡು ಹೊರಟಿತ್ತು. ನಾಲ್ಕು ಮಂದಿ ಹಗ್ಗ ಹಾಕಿ ಎಳೆದರು, ಉಳಿದವರೆಲ್ಲ ವಿಡಿಯೋ ಮಾಡಿದರು.

ಕಟ್ಟೆಯ ಮೇಲಿನ ಅಜ್ಜ ಕೇಳಿದ: "ತಮ್ಮಾ, ಮೂವತ್ತು ವರ್ಷದ ಮುಂದಿನ ನೀರು ಕಂಡಿತು, ಇವತ್ತಿಂದು ಕಾಣಲಿಲ್ಲೇನೋ?"

೨. ಬಣ್ಣ

ಮೂಡಲಗಿಯ ಸಭೆಯಲ್ಲಿ ನಕಾಶೆ ತೂಗುಹಾಕಿದೆ. ಪ್ರವಾಹದ ಅಪಾಯಕ್ಕೆ ಕೆಂಪು, ಬೇಸಿಗೆಯಲ್ಲಿ ನೀರು ಸಿಗದ ಜಾಗಕ್ಕೆ ಹಳದಿ. ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಕೆಂಪು ಬಣ್ಣದ ಮನಿಗೆ ಹೆಣ್ಣು ಕೊಡೂ ಮುಂದ, ಹುಡುಗಗ ಈಸಾಕ ಬರತೈತೇನ ಕೇಳ್ರಿ!"

ಎಲ್ಲರೂ ನಕ್ಕರು. ನಾನು ಕಾಲರ್ ಏರಿಸಿದೆ. ಕಾಲುವೆಯ ಕಟ್ಟಕಡೆಗೆ ಹೊಲವಿರುವ ಕಾಕಾ ಒಬ್ಬರು ಎದ್ದುನಿಂತರು.

"ಸಾಹೇಬ್ರ, ನಮ್ಮ ಹೊಲಕ್ಕ ಬರೇ ಹಳದಿ ಬಡದೀರಿ. ಚೂರು ಕೆಂಪೂ ಹಚ್ಚರಿ. ನಿಮ್ಮ ಬಣ್ಣಕ್ಕಾದ್ರೂ ಅಂಜಿ ಕಾಲುವಿಗೆ ನೀರು ಬರಲಿ!"

ಈ ಸಲ ನಕ್ಕದ್ದು ನನ್ನನ್ನು ನೋಡಿ.

೩. ಹೆಣ್ಣು

ಮೂಡಲಗಿ ಕಡೆಯಿಂದಲೇ ಒಂದು ಸಂಬಂಧ ಬಂತು. ಫೋಟೋ ನೋಡಿಯೇ ನಾನು ಮನಸ್ಸು ಕೊಟ್ಟಿದ್ದೆ. ಇಸ್ತ್ರಿ ಅಂಗಿ ತೊಟ್ಟು, ರಿಪೇರಿಯಾದ ಅದೇ ಗಾಡಿಯ ಮೇಲೆ ಹೋಗಿ, ಅಪ್ಪನ ಜೊತೆ ಒಳಗೆ ಹೆಜ್ಜೆಯಿಟ್ಟರೆ ಹುಡುಗಿಯ ಅಪ್ಪನಾಗಿ ಕೂತವರು ಅದೇ ಹಳದಿ ಹೊಲದ ಕಾಕಾ! ಕೂತು ಅವಲಕ್ಕಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಅವರೇ ಶುರು ಮಾಡಿದರು.

"ಮನಿ ಎಲ್ಲಿ ಬರತೈತ್ರಿ ನಿಮ್ಮದು?"

"ಗೋಕಾಕ ಬಾಜೂಕ್ಕ… ಹೊಳಿ ದಂಡಿಗೆ."

"ನಕಾಶೆದಾಗ ಯಾವ ಬಣ್ಣರಿ?"

ಹಚ್ಚಿದವನೇ ನಾನು, ಸುಳ್ಳು ಹೇಗೆ ಹೇಳಲಿ? "ಕೆಂಪುರಿ."

"ಈಸಾಕ ಬರತೈತೇನ್ರಿ?"

ತಲೆ ತಗ್ಗಿಸಿ ಇಲ್ಲವೆಂದು ಅಲ್ಲಾಡಿಸಿದೆ. ಅಪ್ಪ ನನ್ನನ್ನು ನುಂಗುವಂತೆ ನೋಡಿದ.

"ಕಲತ ಬರ್ರಿ. ಆಮ್ಯಾಲೆ ಲಗ್ನದ ಮಾತು" ಎಂದರು ಕಾಕಾ.

ಒಳಗಿನಿಂದ ಹುಡುಗಿಯ ದನಿ ಬಂತು: "ಅಪ್ಪಾ, ಅಲ್ಲೀತನಕ ಅವರ ಗಾಡಿ ಇಲ್ಲೇ ಬಿಟ್ಟು ಹೋಗಾಕ ಹೇಳು. ವಿಡಿಯೋ ನೋಡೇನಿ, ಅದು ಚಲೋ ಈಸತೈತಿ!"