ನಾಯಕನ ನಾಲ್ಕು ಸಾವಿರ ಮಾತು

ಬೆಳಿಗ್ಗೆ ಒಂಬತ್ತಕ್ಕೆ ಆಶಿಷ್ ಆಡಿದ ಒಂದೇ ಮಾತಿಗೆ ತ್ರ್ಯಂಬಕನ ದಿನ ಕೆಟ್ಟಿತು.

"ನಮ್ಮ ಹೀರೋ ಬಾಯಿ ಬಿಡಬೇಕಂತ. ಇವತ್ತ. ಸಂಜಿ ಐದರ ಒಳಗ."

ಸಪ್ತಾಪುರದ ಒಂದು ಮನೆಯ ಮಾಳಿಗೆಯಲ್ಲಿ ಮೂವರು ಸೇರಿ ಕಂಪ್ಯೂಟರ್ ಆಟವೊಂದನ್ನು ಮಾಡುತ್ತಿದ್ದರು. ಆಶಿಷ್ ಮಾಲೀಕ, ಸುರಭಿ ಧ್ವನಿಯ ಕೆಲಸದವಳು, ತ್ರ್ಯಂಬಕ ಬರಹಗಾರ. ಆಟದ ನಾಯಕ ಊರೂರು ಅಲೆಯುವ ಒಬ್ಬ ಕಾವಲುಗಾರ. ಅವನಿಗೆ ಮುಖವಿತ್ತು, ಕತ್ತಿಯಿತ್ತು, ದನಿ ಮಾತ್ರ ಇರಲಿಲ್ಲ. ಎದುರಿಗೆ ಯಾರಾದರೂ ಬಂದರೆ ಪರದೆಯ ಮೇಲೆ ಐದಾರು ಮಾತುಗಳು ಮೂಡುತ್ತವೆ. ಆಡುವವರು ತಮಗೆ ಬೇಕಾದದ್ದನ್ನು ಆರಿಸಿ, ಮನಸ್ಸಿನಲ್ಲಿ ತಮ್ಮದೇ ದನಿಯಲ್ಲಿ ಅಂದುಕೊಳ್ಳುತ್ತಾರೆ. ಅಂಥ ನಾಲ್ಕು ಸಾವಿರ ಮಾತುಗಳನ್ನು ತ್ರ್ಯಂಬಕ ಮೂರು ವರ್ಷ ಕೂತು ಬರೆದಿದ್ದ. ದಾರಿಯಲ್ಲಿ ಸಿಗುವ ಮುದುಕಿಯರೊಂದಿಗೆ ಆಡುವ ಮಾತೇ ನೂರಾ ಎಂಬತ್ತು ಇದ್ದವು.

"ದನಿ ಕೊಡೋದಾದ್ರ ಇದ್ದ ರೊಕ್ಕದಾಗ ನಾನೂರು ಮಾತಷ್ಟ ರೆಕಾರ್ಡ್ ಮಾಡ್ಲಿಕ್ಕೆ ಆಗ್ತದ," ಅಂದಳು ಸುರಭಿ.

"ಉಳಿದದ್ದು?"

"ಕಸದ ಬುಟ್ಟಿಗೆ."

"ಪ್ರಕಾಶಕರ ಕಡಿಂದ ಹುಮಾ ಮೇಡಂ ಬರ್ಲಿಕ್ಕತ್ತಾರ," ಅಂದ ಆಶಿಷ್. "ದನಿ ಇದ್ದದ್ದು, ಇಲ್ಲದ್ದು ಎರಡೂ ತೋರಸೋಣು. ಅವರು ಯಾವುದು ಛಲೋ ಅಂತಾರೋ ಅದ. ದನಿ ಹುಡುಕೋ ಕೆಲಸ ನಿಂದು."

ತ್ರ್ಯಂಬಕ ಎದ್ದು ಹೊರಟ. ತನ್ನ ಮಾತುಗಳ ಕುತ್ತಿಗೆ ಹಿಸುಕಲು ತಾನೇ ಆಳು ಹುಡುಕಬೇಕು! ಮೆಟ್ಟಿಲಿಳಿಯುವಷ್ಟರಲ್ಲಿ ಅವನಿಗೊಂದು ದುರ್ಬುದ್ಧಿ ಹೊಳೆಯಿತು. ಹುಡುಕುವುದೇ ಆದರೆ, ಹುಮಾ ಕಿವಿ ಮುಚ್ಚಿಕೊಂಡು ಓಡುವಂಥ ದನಿಯನ್ನೇ ಹುಡುಕಿದರಾಯಿತು.

ಕೆಳಗೆ ಮನೆಯೊಡತಿ ಅಂಬಾಬಾಯಿಯವರ ಪಡಸಾಲೆಯಲ್ಲಿ ಸುಳ್ಳ ಎಂಬ ಊರಿನ ರೈತ ದ್ಯಾಮಣ್ಣ ಜೋಳದ ಚೀಲ ಇಳಿಸುತ್ತಿದ್ದ. ಅವನು ಪಿಸುಗುಟ್ಟಿದರೂ ಮೂರು ಮನೆಗೆ ಕೇಳುತ್ತಿತ್ತು. ಮಾತಿಗೆ ನಿಂತರೆ ಜೋಳದಿಂದ ಹೊರಟು ಬೀಗರ ಮನೆ ಮುಟ್ಟದೆ ಬಿಡುತ್ತಿರಲಿಲ್ಲ. ಇವನೇ ಸರಿ ಎಂದುಕೊಂಡ ತ್ರ್ಯಂಬಕ.

"ದ್ಯಾಮಣ್ಣಾ, ಸ್ವಲ್ಪ ಮ್ಯಾಲೆ ಬರ್ತೀರೇನ್ರಿ? ಒಂದೆರಡು ಮಾತು ಓದಬೇಕಿತ್ತು."

"ಅದಕ್ಕೇನ್ರಿ, ಓದೂಣು."

ಅಂಬಾಬಾಯಿ ಕರೆಯದೆಯೇ ಹಿಂದೆ ಹೊರಟರು. "ನಾ ಸಾಲ್ಯಾಗ ಮೂವತ್ತು ವರ್ಷ ನಾಟಕ ಕಲಿಸೇನಿ. ನಾ ಇಲ್ಲದ ಹ್ಯಾಂಗ?"

ದ್ಯಾಮಣ್ಣನ ಜೋಳದ ಸುದ್ದಿ ಬೀಗರ ಮನೆ ಮುಟ್ಟಿ ಮುಗಿದು, ಸುರಭಿ ಮೈಕು ಹಚ್ಚುವಷ್ಟರಲ್ಲಿ ಮಧ್ಯಾಹ್ನ ಎರಡೂವರೆ ದಾಟಿತ್ತು. ಹಾಳೆಯಲ್ಲಿ ಮೊದಲ ಮಾತು: ಎಲೈ ರಾಕ್ಷಸನೆ, ನಿನ್ನ ಕೊನೆಗಾಲ ಬಂತು! ದ್ಯಾಮಣ್ಣ ಹಾಳೆ ನೋಡಿದ, ಎದುರಿನ ಗೋಡೆ ನೋಡಿದ, ಹಾಳೆ ಕೆಳಗಿಟ್ಟ.

"ಯಾಕ್ರೀ?" ಎಂದಳು ಸುರಭಿ.

"ಇವರು ಯಾವೂರವರ್ರಿ?"

"ಯಾರು?"

"ಈ ರಾಕ್ಷಸರು."

"ಊರಿಲ್ಲ. ಕಾಡಿನ್ಯಾಗ ಇರ್ತಾನ."

"ಊರಿಲ್ಲದ ಇರ್ತಾರೇನ್ರಿ? ಯಾವೂರು, ಯಾರ ಪೈಕಿ ಅಂತ ಕೇಳದ ಕತ್ತಿ ಎತ್ತೂದಂದ್ರ! ನಾಳೆ ನಮ್ಮ ಬೀಗರ ಕಡ್ಯಾಂವ ಅಂತ ಗೊತ್ತಾದ್ರ ಮದಿವ್ಯಾಗ ಮಾರಿ ಹ್ಯಾಂಗ ತೋರಸ್ಲಿ?"

"ಖರೇ ಅದ," ಅಂದರು ಅಂಬಾಬಾಯಿ. "ಮತ್ತ ಗೋಡಿ ಜೋಡಿ ಯಾರು ಮಾತಾಡ್ತಾರ? ತ್ರ್ಯಂಬಕಾ, ಎದುರಿಗೆ ನೀ ಕೂಡು. ನೀನ ರಾಕ್ಷಸ."

ಆಗಲೇ ಮೂರು ಗಂಟೆ. ಸುರಭಿ ಗಡಿಯಾರ ನೋಡಿ ಉಗುರು ಕಚ್ಚುತ್ತಿದ್ದಳು. ಕೆಲಸ ಇನ್ನಷ್ಟು ಕೆಡುತ್ತದೆಂಬ ಹುರುಪಿನಲ್ಲಿ ತ್ರ್ಯಂಬಕ ಕುರ್ಚಿ ಎಳೆದುಕೊಂಡು ಕೂತ.

"ಯಾವೂರ್ರಿ ನಿಮ್ಮದು?" ಕೇಳಿದ ದ್ಯಾಮಣ್ಣ.

"ಗಬ್ಬೂರ ಕಡೆ."

"ಹೊಲಾ ಎಷ್ಟೈತ್ರಿ?"

"ರಾಕ್ಷಸಗ ಹೊಲ ಎಲ್ಲಿಂದು? ಮಂದಿನ್ನ ಹೆದರಸೂದ ಹೊಟ್ಟಿಪಾಡು. ಅದಕ್ಕೂ ಎದ್ದು ನಿಲ್ಲಬೇಕಲ್ಲ? ಮೊಣಕಾಲು ಬ್ಯಾನಿ."

"ಎಣ್ಣಿ ತಿಕ್ಕಬೇಕಿತ್ತ್ರಿ."

"ಮೈತುಂಬಾ ಕೂದಲಾ. ಎಲ್ಲಿಗಂತ ತಿಕ್ಕಲಿ?"

ದ್ಯಾಮಣ್ಣ ಲೊಚಗುಟ್ಟಿದ. ಕೊಲ್ಲುವ ಸುದ್ದಿಯನ್ನೇ ಬಿಟ್ಟು, "ನಡೀರಿ, ಉಂಡು ಹೋಗೀರಂತ," ಅಂದ.

ನಾಲ್ಕೂವರೆಗೆ ಈ ರೆಕಾರ್ಡಿಂಗ್ ಕೇಳಿದ ಆಶಿಷ್ ತಲೆ ಹಿಡಿದು ಕೂತ. ಬೇರೆಯವರನ್ನು ಕರೆತರಲು ಹೊತ್ತಿರಲಿಲ್ಲ. ಸುರಭಿ ಇದ್ದದ್ದನ್ನೇ ಆಟಕ್ಕೆ ಜೋಡಿಸಿದಳು. ಕೆಳಗೆ ಕಾರು ನಿಂತ ಸದ್ದಾಯಿತು.

ಹುಮಾ ಹುಬ್ಬಳ್ಳಿಯವಳೇ, ಆದರೆ ನಗುವುದು ಕಡಿಮೆ. ಮೊದಲು ದನಿಯಿಲ್ಲದ ಆಟ ಆಡಿದಳು. ಹತ್ತು ನಿಮಿಷ ಮುಖದ ಮೇಲಿನ ಒಂದು ಗೆರೆಯೂ ಅಲುಗಲಿಲ್ಲ. ನಂತರ ದನಿಯಿದ್ದದ್ದನ್ನು ಶುರು ಮಾಡಿದಳು. ಅವಳು ಕಿವಿ ಮುಚ್ಚಿಕೊಳ್ಳುವುದನ್ನೇ ತ್ರ್ಯಂಬಕ ಕಾದ. ಅವಳ ತುಟಿ ಅದುರಿತು. ಆಮೇಲೆ ಭುಜ ಕುಲುಕಿದವು. ಆಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕೇಬಿಟ್ಟಳು. ದನಿಯೇ ಹಿಡಿಸಿಬಿಟ್ಟಿತು ಇವಳಿಗೆ ಅಂದುಕೊಂಡ ತ್ರ್ಯಂಬಕ. ಮೂರು ವರ್ಷ ನೀರುಪಾಲಾಯಿತು!

ಹುಮಾ ಕಣ್ಣೊರೆಸಿಕೊಂಡು ಅಂದಳು, "ಹೀರೋಗ ದನಿ ಬ್ಯಾಡ್ರಿ. ಆಡೋರು ತಮ್ಮ ಮನಸ್ಸಿನ್ಯಾಗ ತಾವ ಮಾತಾಡ್ಲಿ."

ತ್ರ್ಯಂಬಕನಿಗೆ ಕುಣಿಯುವುದೊಂದು ಬಾಕಿ.

"ಆದ್ರ ಈ ರಾಕ್ಷಸ! ಇಂಥಾವ ಬೇಕ್ರಿ ನಮಗ. ಯಾರ ದನಿ ಇದು?"

ಎಲ್ಲರ ಬೆರಳೂ ತ್ರ್ಯಂಬಕನ ಕಡೆ ತಿರುಗಿದವು.

"ಎಲ್ಲಾ ರಾಕ್ಷಸರಿಗೂ ಇವರ ದನಿ ಕೊಡ್ಲಿ. ಎಷ್ಟು ಮಂದಿ ಅದಾರ?"

"ನೂರಾ ಇಪ್ಪತ್ತು," ಅಂದಳು ಸುರಭಿ.

"ಛಲೋ ಆತು. ಮತ್ತ ಅವರು ಹಿಂಗ ಮನಸ್ಸು ಬಿಚ್ಚಿ ಮಾತಾಡುವಾಗ ಹೀರೋ ನಡುವ ಬಾಯಿ ಹಾಕಬಾರದು. ಪರದೆ ಮ್ಯಾಲೆ ಅಷ್ಟೊಂದು ಮಾತು ಯಾಕ? ಎರಡ ಇರ್ಲಿ. 'ಹೂಂ', 'ಊಹೂಂ'. ಉಳಿದದ್ದೆಲ್ಲಾ ತಗದಬಿಡ್ರಿ."

ಮಾತಾಡುವ ನಾಯಕ ಗೆದ್ದಿದ್ದರೆ ನಾನೂರಾದರೂ ಉಳಿಯುತ್ತಿದ್ದವು.

ಹುಮಾಳ ಕಾರು ಹೋದ ಮೇಲೆ ಆಶಿಷ್ ಸಂತೋಷದಿಂದ ಅವನ ಬೆನ್ನು ಚಪ್ಪರಿಸಿದ. "ಕಡೀಕೂ ನೀ ಅಂದಂಗ ಆತಲ್ಲೋ! ಹೀರೋ ಮಾತಾಡೂದಿಲ್ಲ. ಖುಷಿ ಆತಿಲ್ಲೋ?"

ತ್ರ್ಯಂಬಕ ಬಾಯಿ ತೆರೆದ. ನಾಲ್ಕು ಸಾವಿರ ಮಾತುಗಳೂ ಒಟ್ಟಿಗೆ ನುಗ್ಗಿ ಗಂಟಲಲ್ಲಿ ಸಿಕ್ಕಿಕೊಂಡವು.

"ಹೂಂ," ಅಂದ.