ಬಾಗಿಲಿಗೆ ಬೇರೆ ದುಡ್ಡು

ದುಡ್ಡು ಕೊಟ್ಟು ಆಟ ಕೊಂಡಿದ್ದ ನಲವತ್ತು ಸಾವಿರ ಜನರ ಫೋನುಗಳಿಂದ ಒಂದು ಸೋಮವಾರ ಆ ಆಟದ ಕೊನೆಯ ಬಾಗಿಲನ್ನು ಕಿತ್ತು ತೆಗೆದರು. ಮಂಗಳವಾರ ಅದೇ ಬಾಗಿಲನ್ನು ಆಟದ ಅರ್ಧ ಬೆಲೆಗೆ ಬೇರೆಯಾಗಿ ಮಾರಾಟಕ್ಕಿಟ್ಟರು.

ಆಟದ ಹೆಸರು 'ಏಳು ಬೀಗದ ಮನೆ'. ಒಂದೊಂದೇ ಬೀಗ ಬಿಡಿಸಿ ಏಳು ಬಾಗಿಲು ದಾಟಿದರೆ ಗೆದ್ದಂತೆ. ಈಗ ಆರು ದಾಟಿದವರಿಗೆ ಎದುರಾಗುತ್ತಿದ್ದದ್ದು ಬರೀ ಗೋಡೆ, ಗೋಡೆಯ ಮೇಲೊಂದು ಬೆಲೆಚೀಟಿ. ಜನ ಬೈದರು. ಬೈಗುಳವೆಲ್ಲ ಬಂದು ಬೀಳುತ್ತಿದ್ದದ್ದು ಒಬ್ಬನೇ ಒಬ್ಬನ ಮೇಜಿಗೆ. ಆಟಗಾರರ ದೂರಿಗೆ ಉತ್ತರ ಬರೆಯುವುದು ಅವನ ಕೆಲಸ. ಪ್ರತಿ ಉತ್ತರವೂ 'ಸಮಾಧಾನದಿಂದಿರಿ' ಎಂದೇ ಶುರುವಾಗಬೇಕೆಂದು ಯಜಮಾನರ ಕಟ್ಟಪ್ಪಣೆ. ಹಾಗಾಗಿ ಆಫೀಸಿನಲ್ಲಿ ಅವನಿಗೆ ಸಮಾಧಾನ ಎಂದೇ ಹೆಸರು ಬಿದ್ದಿತ್ತು.

ಒಂದು ವಾರದಲ್ಲಿ ಅತಿ ಹೆಚ್ಚು ಬೈದವನು 'ಸಿಡಿಮದ್ದು' ಎಂಬ ಹೆಸರಿನ ಆಟಗಾರ. ಐವತ್ತಮೂರು ಪತ್ರ. ಐವತ್ತಮೂರಕ್ಕೂ ಸಮಾಧಾನ 'ಸಮಾಧಾನದಿಂದಿರಿ' ಎಂದು ಬರೆದಿದ್ದ. ಸಿಡಿಮದ್ದು ಇನ್ನಷ್ಟು ಸಿಡಿದಿತ್ತು.

ಮುಂದಿನ ಸೋಮವಾರ ಬೆಳಿಗ್ಗೆ ಸಮಾಧಾನನ ಅಂಗಿಯ ಗುಂಡಿ ಕಿತ್ತುಬಂತು. ಹೊಲಿಗೆ ಅಂಗಡಿ ಮುಚ್ಚಿ ಮಗಳ ಮನೆಗೆ ಬಂದಿದ್ದ ಅತ್ತೆ, ಫೋನು ಪಕ್ಕಕ್ಕಿಟ್ಟು ಸೂಜಿ ತೆಗೆದರು. ಆ ಫೋನಿನಲ್ಲಿ ಅವರು ದಿನವಿಡೀ ರವಿಕೆಯ ಮಾದರಿ ನೋಡುತ್ತಾರೆಂದು ಅವನು ನಂಬಿದ್ದ. ಅವನು ಯಾವುದೋ ದೊಡ್ಡ ಕಂಪನಿಯ ಪತ್ರವ್ಯವಹಾರ ನೋಡುತ್ತಾನೆಂದು ಅವರು ನಂಬಿದ್ದರು. ಹೆಣ್ಣು ಕೇಳುವಾಗ ಆಟದ ಕಂಪನಿ ಎನ್ನಲು ಅವನಿಗೆ ನಾಲಿಗೆ ಹೊರಳಿರಲಿಲ್ಲ.

"ಮೂವತ್ತೈದು ವರ್ಷ ಮಿಷನ್ ತುಳಿದೆ ಅಳಿಯಂದಿರೇ. ಅಂಗಿ ಕೊಟ್ಟು ಗುಂಡಿಗೆ ಬೇರೆ ದುಡ್ಡು ಕೇಳಿದವಳಲ್ಲ ನಾನು," ಎಂದು, ಯಾರ ಮೇಲಿನ ಸಿಟ್ಟೋ, ದಾರವನ್ನು ಹಲ್ಲಿನಲ್ಲಿ ಕಟಕ್ಕನೆ ಕಡಿದರು.

ಬಸ್ಸಿನಲ್ಲಿ ಆ ಮಾತು ಅವನ ತಲೆಗೇರಿತು. ಇಳಿಯುವಷ್ಟರಲ್ಲಿ ಅದು ಅವನದೇ ಮಾತಾಗಿತ್ತು. ಎದೆಯುಬ್ಬಿಸಿ ನೇರ ಯಜಮಾನರ ಕೋಣೆಗೆ ನುಗ್ಗಿದ.

"ಸಾರ್, ಅಂಗಿ ಕೊಟ್ಟು ಗುಂಡಿಗೆ ಬೇರೆ ದುಡ್ಡು ಕೇಳ್ತಾರಾ? ಆ ಬಾಗಿಲು ಅವರದ್ದು. ಅವರು ಆಗ್ಲೇ ದುಡ್ಡು ಕೊಟ್ಟಾಗಿದೆ!"

ಗಾಜಿನಾಚೆ ಇಡೀ ಆಫೀಸು ಕಿವಿಯಾಯಿತು. ಯಜಮಾನರು ಕನ್ನಡಕ ತೆಗೆದು ಒರೆಸಿದರು. "ಅಂದ್ರೆ, ಪುಕ್ಕಟೆ ಕೊಡು ಅಂತೀಯಾ?"

ಹೌದು ಎನ್ನಬೇಕಿತ್ತು. ಆ ಒಂದು ಮಾತು ಗಂಟಲಿನ ತನಕ ಬಂದು, ಯಜಮಾನರ ಮುಖ ನೋಡಿ, ತಪ್ಪು ಮನೆಗೆ ಬಂದ ನೆಂಟನಂತೆ ಹಿಂದಕ್ಕೆ ಹೋಯಿತು.

"ಪುಕ್ಕಟೆ ಅಲ್ಲ ಸಾರ್... ಮೊದಲು ಆಡ್ಲಿ. ಆಟ ಮುಗಿಸಿದ ಮೇಲೆ ಎಷ್ಟು ಸರಿ ಅನ್ಸುತ್ತೋ ಅಷ್ಟು ಕೊಡ್ಲಿ. ಖಂಡಿತ ಕೊಡ್ತಾರೆ. ಜನ ಒಳ್ಳೆಯವರು."

"ಯಾರು ಕೊಡ್ತಾರೆ? ಒಬ್ಬನ್ನ ತೋರಿಸು."

"ಸಿಡಿಮದ್ದು!" ಅವನು ಎದೆ ತಟ್ಟಿದ. "ಅಷ್ಟು ಬೈಯೋನಿಗೆ ಆಟದ ಮೇಲೆ ಅಷ್ಟೇ ಪ್ರೀತಿ ಇರುತ್ತೆ ಸಾರ್."

"ಸರಿ. ಇವತ್ತು ಅವನೊಬ್ಬನಿಗೆ ಬಾಗಿಲು ತೆಗಿ. ಒಂದೇ ಒಂದು ಕಾಸು ಕೊಟ್ರೂ ಎಲ್ಲರಿಗೂ ನಿನ್ನ ಲೆಕ್ಕವೇ. ಕೊಡದಿದ್ರೆ ಬಾಗಿಲಿಗೆ ಹಳೇ ಬೆಲೆ, ನಿನ್ನ ಕುರ್ಚಿಗೆ ಹೊಸ ಮನುಷ್ಯ."

ಸುದ್ದಿ ಕೇಳಿದ್ದೇ ತಡ, ಎಲ್ಲರೂ ಉಪಕಾರಕ್ಕೆ ಬಂದರು. ಆಟ ಮುಗಿದ ಮೇಲೆ ಕಾಣುವ ಪರದೆಗೆ ಸಮಾಧಾನ ಬರೆದದ್ದು ಒಂದೇ ಸಾಲು: 'ನಿಮಗೆ ಸರಿ ಎನಿಸಿದಷ್ಟು ಕೊಡಿ.'

"ಕರುಳು ಹಿಂಡಬೇಕಪ್ಪಾ," ಎಂದು ಚಿತ್ರಗಾರ ಬಾಗಿಲ ಪಕ್ಕ ಒಂದು ಬಡಕಲು ಬೆಕ್ಕನ್ನು ಬರೆದ. ಲೆಕ್ಕದಮ್ಮ, "ಸುಮ್ನೆ ಕೊಡಿ ಅಂದ್ರೆ ಯಾರು ಕೊಡ್ತಾರೆ? ಬಾಯಿಬಿಟ್ಟು ಒಂದು ಮೊತ್ತ ಹೇಳಬೇಕು," ಎಂದು ಬೆಕ್ಕಿನ ಕೊರಳಿಗೆ ಬೆಲೆ ತೂಗುಹಾಕಿಸಿದಳು. ನೀರು ಕುಡಿಯಲು ಬಂದ ಕಾವಲುಗಾರನೂ ಬಿಡಲಿಲ್ಲ: "ಬೆಕ್ಕು ಕೈ ಮುಗಿದ್ರೆ ಚೆನ್ನಾಗಿರುತ್ತೆ ನೋಡಿ." ಬೆಕ್ಕು ಕೈ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಆ ಬಾಗಿಲು ಸಾಲ ಕೇಳಲು ಬಂದ ಸಂಸಾರದಂತೆ ಕಾಣುತ್ತಿತ್ತು.

ಸಿಡಿಮದ್ದಿಗೆ ಬಾಗಿಲು ತೆರೆಯಿತು. ಊಟದ ಡಬ್ಬಿ ಹಿಡಿದೇ ಎಲ್ಲರೂ ಪರದೆಯ ಸುತ್ತ ನೆರೆದರು.

"ಮೀಸೆ ಇರೋ ಪೈಲ್ವಾನನೇ ಇರ್ಬೇಕು," ಎಂದ ಕಾವಲುಗಾರ.

ಏಳನೆಯ ಬೀಗ ಎಂಥವರಿಗೂ ಎರಡು ತಾಸು ಹಿಡಿಯುವಂಥದ್ದು. ಸಿಡಿಮದ್ದು ಗಂಟು ಬಿದ್ದ ದಾರದ ಒಂದೊಂದು ಎಳೆಯನ್ನೂ ಬೆರಳ ತುದಿಯಲ್ಲಿ ಹಿಡಿದು ಬಿಡಿಸಿದಂತೆ ಹನ್ನೊಂದೇ ನಿಮಿಷಕ್ಕೆ ತೆಗೆದು ಹಾಕಿತು. ಆಫೀಸು ಚಪ್ಪಾಳೆ ತಟ್ಟಿತು. ಸಮಾಧಾನ ಯಜಮಾನರತ್ತ ಗೆದ್ದ ನಗೆ ಬೀರಿದ. ಬೆಕ್ಕು ಬಂತು, ಕೈ ಮುಗಿಯಿತು. ಮೊತ್ತ ಬರೆಯುವ ಜಾಗದಲ್ಲಿ ಸೊನ್ನೆ ಮೂಡಿತು. ಅದರ ಕೆಳಗೆ ಐವತ್ತನಾಲ್ಕನೆಯ ಪತ್ರ:

'ನನ್ನ ಬಾಗಿಲನ್ನು ನೀವೇ ಕದ್ದು, ಈಗ ಅದರ ಮುಂದೆ ಬೆಕ್ಕು ಕೂರಿಸಿ ಭಿಕ್ಷೆ ಕೇಳುತ್ತೀರಾ? ಅಂಗಿ ಕೊಟ್ಟು ಗುಂಡಿಗೆ ಬೇರೆ ದುಡ್ಡು ಕೇಳುವ ಜನವೇ ನೀವು?'

ಚಿತ್ರಗಾರ ಹಣೆ ಕೆರೆದುಕೊಂಡ. "ಇದು ಬೆಳಿಗ್ಗೆ ನೀನೇ ಸಾಹೇಬರಿಗೆ ಹೇಳಿದ ಮಾತಲ್ವೇನೋ?"

ಸಮಾಧಾನ ತನ್ನ ಅಂಗಿಯ ಗುಂಡಿಯನ್ನು ಮುಟ್ಟಿ ನೋಡಿಕೊಂಡ.

"ಆಟ ಕೊಂಡಾಗ ಕೊಟ್ಟ ನಂಬರು ಇದೆಯಲ್ಲ, ಫೋನ್ ಮಾಡು. ಒಂದು ಕಾಸು ಹಾಕಿಸು. ಇಲ್ಲ ಅಂದ್ರೆ ಗೊತ್ತಲ್ಲ?" ಎಂದರು ಯಜಮಾನರು. ಲೆಕ್ಕದಮ್ಮ ನಂಬರು ಓದಿದಳು, ಅವನು ಒತ್ತಿದ. ಕೊನೆಯ ಅಂಕಿ ಒತ್ತುತ್ತಲೇ ಅವನ ಫೋನಿನಲ್ಲಿ ಹೆಸರು ತಾನಾಗಿಯೇ ಮೂಡಿತು: ಅತ್ತೆ.

ಫೋನ್ ಇಡುವಷ್ಟರಲ್ಲಿ ಯಜಮಾನರು ಸ್ಪೀಕರ್ ಒತ್ತಿದ್ದರು.

"ಏನು ಅಳಿಯಂದಿರೇ, ಈ ಹೊತ್ತಲ್ಲಿ? ಗುಂಡಿ ಮತ್ತೆ ಕಿತ್ತೋಯ್ತಾ?"

"ಅತ್ತೇ... ಆ ಏಳು ಬೀಗದ ಮನೆ... ನಾನು ಅಲ್ಲೇ ಕೆಲಸ ಮಾಡೋದು."

"ಓಹೋ. ಹಾಗಾದ್ರೆ ಒಂದು ವಾರದಿಂದ ನನಗೆ ಸಮಾಧಾನ ಹೇಳ್ತಿರೋ ಮಹಾನುಭಾವರು ನೀವೇ?"

ಲೆಕ್ಕದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದೇ ಒಂದು ಕಾಸು ಹಾಕಿಬಿಡಿ. ನಾನೇ ಸಂಜೆ ವಾಪಸ್ ಕೊಡ್ತೀನಿ. ಇಲ್ದಿದ್ರೆ ನನ್ನ ಕೆಲಸ ಹೋಗುತ್ತೆ."

"ಹೋಗ್ಲಿ ಬಿಡಿ. ಮಿಷನ್ ಇನ್ನೂ ಮಾರಿಲ್ಲ, ನಾಳೆಯಿಂದ ಮತ್ತೆ ತುಳಿತೀನಿ. ನಿಮಗೆ ಅನ್ನ ಹಾಕ್ತೀನಿ, ಬಟ್ಟೆ ಹೊಲಿದು ಕೊಡ್ತೀನಿ, ಒಂದು ಮಾತೂ ಆಡಲ್ಲ. ಆದ್ರೆ ನನ್ನ ಬಾಗಿಲಿಗೆ ನಾನು ಇನ್ನೊಂದು ಸಲ ದುಡ್ಡು ಕೊಡಬೇಕಾ?"

"ಒಂದೇ ಕಾಸು ಅತ್ತೆ. ಕೊಡಿ ಅತ್ತೆ."

"ಕೊಡಲ್ಲ ಅಳಿಯಂದಿರೇ," ಎಂದರು ಅತ್ತೆ, ತುಂಬ ಮರ್ಯಾದೆಯಿಂದ. "ಸಮಾಧಾನದಿಂದಿರಿ."